ಪರಿಸರ ಸ್ತ್ರೀವಾದದ ಪಾಠ: ‘ಭೂಮಿತಾಯಿ’ಯಿಂದ ಶುರು ಮಾಡಬೇಕೋ, ಪಹಣಿಯಿಂದಲೋ?

ಹೊಂಗೆನೆರಳು:
ಪದವಿ ಮೊದಲ ವರ್ಷಕ್ಕೆ ಪರಿಸರ ಸ್ತ್ರೀವಾದ, ಅಂದರೆ ಹೆಣ್ಣಿನ ಶೋಷಣೆ, ಪ್ರಕೃತಿಯ ಶೋಷಣೆ ಎರಡನ್ನೂ ಒಟ್ಟಿಗೆ ನೋಡುವ ಚಿಂತನೆ, ಹೇಳಿಕೊಡಬೇಕು. ಒಂದೊಂದು ಗಂಟೆಯ 4 ತರಗತಿ, 60 ವಿದ್ಯಾರ್ಥಿಗಳು, ಹೆಚ್ಚಿನವರು ಹಳ್ಳಿ ಕಡೆಯವರು. ಸಿಗುವ ಟಿಪ್ಪಣಿಗಳೆಲ್ಲ ಒಂದೇ ದಾರಿ ಹಿಡಿದಿವೆ. 1974ರಲ್ಲಿ ಫ್ರಾನ್ಸಿನ ಲೇಖಕಿ ಫ್ರಾನ್ಸ್‌ವಾಜ್ ದೋಬೋನ್ ಈ ಪದ ಬಳಕೆಗೆ ತಂದರು, ಆಮೇಲೆ ಹಿಮಾಲಯದ ಗಢವಾಲದಲ್ಲಿ ಮರ ಕಡಿಯುವುದನ್ನು ತಡೆದ ಚಿಪ್ಕೊ ಚಳವಳಿ, ಆಮೇಲೆ ಪರಿಸರ ಚಿಂತಕಿ ವಂದನಾ ಶಿವ, ಕಡೆಗೆ ‘ಹೆಣ್ಣು ಪ್ರಕೃತಿಗೆ ಹತ್ತಿರ, ಆದ್ದರಿಂದ ಅವಳೇ ಕಾಪಾಡುತ್ತಾಳೆ’ ಎಂಬ ಸಾಲು. ಈ ಕಡೆಯ ಸಾಲಿನಲ್ಲೇ ತೊಡಕಿದೆ. ಹುಡುಗಿಯರು ಅದನ್ನು ಪರೀಕ್ಷೆಗೆ ಬರೆದು ಮರೆತುಬಿಡುತ್ತಾರೆ. ಹುಡುಗರು ‘ಇದು ನಮಗಲ್ಲ’ ಎಂದು ಕಿವಿ ಮುಚ್ಚುತ್ತಾರೆ. ಬೇರೆ ಯಾವ ಕಡೆಯಿಂದ ಒಳಗೆ ಹೋಗಬಹುದು? ಚಟುವಟಿಕೆ ಹೇಳುವವರು ಸಮಯ, ಸಾಮಗ್ರಿ, ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಿದರೆ ಉಪಕಾರ.

ಪಹಣಿಪುಟ:
ಕೆಲಸದಿಂದ ಶುರು ಮಾಡಿ. ‘ಯಾರು ಹತ್ತಿರ’ ಎಂಬ ಪ್ರಶ್ನೆಯನ್ನೇ ಮೊದಲ ದಿನ ಎತ್ತಬೇಡಿ. ಯಾರು ದುಡಿಯುತ್ತಾರೆ, ಯಾರ ಹೆಸರಲ್ಲಿದೆ, ಮಾರುವ ಮಾತು ಯಾರದು, ಈ ಮೂರನ್ನು ಕೇಳಿ.

ಆರಾರು ಜನರ 10 ಗುಂಪು ಮಾಡಿ. ಪ್ರತಿ ಗುಂಪಿಗೆ ಒಂದು ಚಾರ್ಟ್ ಹಾಳೆ. ಎಡಕ್ಕೆ ಸಾಲಾಗಿ ಹೊಲ, ಹಿತ್ತಲು, ಹಸು, ಕೆರೆ, ಬೋರ್‌ವೆಲ್, ಕಾಡು ಅಥವಾ ಗೋಮಾಳ. ಮೇಲೆ ಐದು ಕಾಲಂ: ಕೆಲಸ, ಬಳಕೆ, ಕೈಗೆ ಬರುವ ಹಣ, ತೀರ್ಮಾನ, ದಾಖಲೆಯಲ್ಲಿನ ಹೆಸರು. ಮೊದಲ ನಾಲ್ಕು ಕಾಲಂಗಳ ಪ್ರತಿ ಚೌಕಕ್ಕೂ 10 ಹುಣಸೆ ಬೀಜ. ಅದನ್ನು ಮನೆಯ ಹೆಂಗಸರು, ಗಂಡಸರು, ಮಕ್ಕಳು, ಕೂಲಿಯವರು ಎಂದು ಹಂಚಬೇಕು. ಹಸುವಿನ ಸಾಲಿನಲ್ಲಿ ‘ಕೆಲಸ’ಕ್ಕೆ 7 ಬೀಜ ಹೆಂಗಸರ ಕಡೆ ಬಿದ್ದು, ‘ಹಣ’ದ ಕಾಲಂನಲ್ಲಿ ಬೀಜ ಆಚೆ ಸರಿದರೆ ಗುಂಪಿನೊಳಗೇ ಜಗಳ ಶುರುವಾಗುತ್ತದೆ. ನಿಮ್ಮ ಪಾಠ ಆ ಜಗಳದಲ್ಲೇ ಇದೆ. ಬೀಜ ಇಡಲು 25 ನಿಮಿಷ, ಮಾತಿಗೆ 25. ‘ಕೂಲಿಯವರು’ ಎಂಬ ನಾಲ್ಕನೇ ಪಾಲನ್ನು ಬಿಡಲೇಬೇಡಿ. ಅದು ಇಲ್ಲದಿದ್ದರೆ ಜಾತಿ, ವರ್ಗ ಎರಡೂ ಮಾಯವಾಗಿ, ಎಲ್ಲ ಹೆಂಗಸರೂ ಒಂದೇ ಎಂಬ ಸುಳ್ಳು ಉಳಿಯುತ್ತದೆ.

ಐದನೇ ಕಾಲಂಗೆ ಪಹಣಿಯ ಮಾದರಿ ತೋರಿಸಿ. ಕಾಲಂ 9ರಲ್ಲಿ ಮಾಲೀಕರ ಹೆಸರು, ಕಾಲಂ 12ರಲ್ಲಿ ಸಾಗುವಳಿ ವಿವರ. 2015-16ರ ಕೃಷಿ ಗಣತಿ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು 1994ರಿಂದಲೇ ಇದೆ, ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಕಾನೂನು ಬಂದು ಇಷ್ಟು ವರ್ಷವಾದರೂ ಹೆಸರು ಏಕೆ ಬಂದಿಲ್ಲ ಎಂದು ಕೇಳಿ, ಸುಮ್ಮನೆ ನಿಲ್ಲಿ. ಹೆಣ್ಣುಮಕ್ಕಳು ತಮ್ಮ ಪಾಲು ಬಿಟ್ಟುಕೊಟ್ಟು ಸಹಿ ಹಾಕುವ ‘ಹಕ್ಕು ಬಿಡುಗಡೆ ಪತ್ರ’ದ ಮಾತು ಅವರ ಬಾಯಿಂದಲೇ ಬರುತ್ತದೆ.

ಸೀಗೆಮೆಳೆ:
ಚೆನ್ನಾಗಿದೆ, ಒಂದು ಎಚ್ಚರಿಕೆ. ವಿದ್ಯಾರ್ಥಿಗಳ ಮನೆಯ ನಿಜವಾದ ಪಹಣಿ ತರಿಸಬೇಡಿ. ಯಾರಿಗೆ ಎಷ್ಟು ಎಕರೆ, ಯಾರಿಗೆ ನೆಲವೇ ಇಲ್ಲ ಎಂಬುದು ತರಗತಿಯೆದುರು ಬಯಲಾಗುತ್ತದೆ. ಖಾಲಿ ನಮೂನೆ, ಇಲ್ಲವೇ ಹೆಸರು, ಸರ್ವೆ ನಂಬರ್ ಎರಡನ್ನೂ ಅಳಿಸಿದ ಪ್ರತಿ ಸಾಕು.

ಕರಾವಳಿಟೀಚರ್:
ಪಹಣಿಪುಟದವರೇ, ಎಲ್ಲವನ್ನೂ ಬೀಜ ಎಣಿಸಿ ಮುಗಿಸಿದರೆ ಹೇಗೆ ಮಾರಾಯ್ರೇ? ತುಳುನಾಡಿನ ಕೆಡ್ಡಸವನ್ನು ಎಲ್ಲಿ ಇಡುತ್ತೀರಿ? ಫೆಬ್ರವರಿಯಲ್ಲಿ ಮೂರು ದಿನ ಭೂಮಿ ಮುಟ್ಟಾಗುತ್ತಾಳೆ ಎಂದು ಉಳುವುದಿಲ್ಲ, ಅಗೆಯುವುದಿಲ್ಲ. ಕೊನೆಗೆ ಅಂಗಳದಲ್ಲಿ ಎಣ್ಣೆ, ಸೀಗೆ, ಅರಿಶಿನ, ಕುಂಕುಮ ಇಡುತ್ತಾರೆ. ಮಲೆನಾಡಿನ ಭೂಮಿ ಹುಣ್ಣಿಮೆಯಲ್ಲಿ ಗದ್ದೆಯನ್ನು ಬಸುರಿ ಎಂದು ಕಂಡು ಚಿತ್ತಾರದ ಬುಟ್ಟಿಯಲ್ಲಿ ಬಯಕೆ ಊಟ ಒಯ್ಯುತ್ತಾರೆ. ನೆಲಕ್ಕೂ ದಣಿವಿದೆ ಎಂಬ ತಿಳಿವಳಿಕೆ ಅದರಲ್ಲಿದೆ. ಅದನ್ನು ‘ಭೂಮಿತಾಯಿ ಘೋಷಣೆ’ ಎಂದು ತಳ್ಳಿಹಾಕಿದರೆ ಮಕ್ಕಳು ತಮ್ಮ ಮನೆಯ ಆಚರಣೆಯನ್ನೇ ಕೀಳು ಎಂದುಕೊಂಡಾರು.

ಪಹಣಿಪುಟ:
ತಳ್ಳಿಹಾಕುತ್ತಿಲ್ಲ. ಕೆಡ್ಡಸವನ್ನು ಖಂಡಿತ ತನ್ನಿ, ಜೊತೆಗೆ ಒಂದು ಪ್ರಶ್ನೆಯನ್ನೂ ತನ್ನಿ: ಭೂಮಿಗೆ ಮೂರು ದಿನ ರಜೆ ಕೊಟ್ಟ ಊರು ನಾಟಿಗೆ ಬಗ್ಗಿದ ಹೆಂಗಸಿಗೆ ಆ ದಿನಗಳಲ್ಲಿ ಕೂಲಿ ಸಮೇತ ರಜೆ ಕೊಟ್ಟಿದೆಯೇ? ಭೂಮಿಯ ಮುಟ್ಟು ಪೂಜೆಗೆ ಬಂದರೆ ಹೆಣ್ಣಿನ ಮುಟ್ಟು ಏಕೆ ಹಿತ್ತಲಿಗೆ ಹೋಯಿತು?

ಕರಾವಳಿಟೀಚರ್:
ಈ ಪ್ರಶ್ನೆ ಒಪ್ಪಿದೆ. ಆದರೆ ಆಚರಣೆಯನ್ನು ಪೂರ್ತಿ ವಿವರಿಸಿದ ಮೇಲೆ ಕೇಳಬೇಕು. ಮೊದಲೇ ಕೇಳಿದರೆ ಮಕ್ಕಳು ಮೇಷ್ಟ್ರಿಗೆ ಬೇಕಾದ ಉತ್ತರ ಹುಡುಕುತ್ತಾರೆ. ಇನ್ನೊಂದು, ಮುಟ್ಟಿನ ಮಾತು ಬರುವ ದಿನ ಹುಡುಗಿಯರಿಂದ ‘ನಿಮ್ಮ ಮನೆಯಲ್ಲಿ ಹೇಗೆ’ ಎಂದು ಬಾಯಿಬಿಡಿಸುವುದು ಬೇಡ. ಹೆಸರಿಲ್ಲದ ಚೀಟಿ ಹಾಕಿಸಿ, ಓದುವ ಮೊದಲು ಚೀಟಿಗಳನ್ನು ಕಲಸಿ.

ತುಂಗಭದ್ರಾದಂಡಿ:
ಚಿಪ್ಕೊ ಬಗ್ಗೆ ಹೇಳ್ತೀನ್ರಿ. ಬಹಳ ಮಂದಿ ಅದನ್ನ ‘ಹೆಂಗಸರು ಮರ ಅಪ್ಪಿಕೊಂಡ್ರು’ ಅಂತ ಒಂದು ಸಾಲಿನ್ಯಾಗ ಮುಗಸ್ತಾರ. 1973ರಾಗ ರೇಣಿ ಊರಾಗ ಗೌರಾದೇವಿ ನಿಂತಾಗ ಒಳಗ ಏನೇನಿತ್ತು ಅನ್ನೋದನ್ನ ಬಿಡಿಸಿ ತೋರಸ್ಬೇಕು. ಪಾತ್ರಾಭಿನಯ ಮಾಡ್ಸಿದ್ರ ಛಲೋ ಬರ್ತದ.

ಸೀಗೆಮೆಳೆ:
ತಿದ್ದುಪಡಿ: ರೇಣಿಯ ಘಟನೆ 1974ರ ಮಾರ್ಚ್ 26. ಅಲಕನಂದಾ ಕಣಿವೆಯಲ್ಲಿ ಅದಕ್ಕಿಂತ ಮೊದಲು 1973ರ ಏಪ್ರಿಲ್‌ನಲ್ಲಿ ನಡೆದದ್ದು ಮಂಡಲ್ ಊರಿನದು. ಎರಡನ್ನೂ ಬೇರೆಬೇರೆಯಾಗಿಯೇ ಹೇಳಬೇಕು, ಏಕೆಂದರೆ ಮಂಡಲ್‌ನಲ್ಲಿ ಜಗಳ ಶುರುವಾದದ್ದು ಮರ ಕಡಿಯಲೇಬಾರದು ಎಂದಲ್ಲ. ಗೋಪೇಶ್ವರದ ದಶೋಲಿ ಗ್ರಾಮ ಸ್ವರಾಜ್ಯ ಸಂಘ ನೇಗಿಲು, ನೊಗ ಮಾಡಲು ಅಂಗು ಮರ ಕೇಳಿತ್ತು. ಅರಣ್ಯ ಇಲಾಖೆ ಕೊಡಲಿಲ್ಲ. ಅದೇ ಮರವನ್ನು ಅಲಹಾಬಾದಿನ ಕ್ರೀಡಾ ಸಾಮಗ್ರಿ ಕಂಪನಿಗೆ ಕೊಟ್ಟಿತು. ನೇಗಿಲಿಗೆ ಇಲ್ಲದ ಮರ ಟೆನಿಸ್ ಬ್ಯಾಟಿಗೆ ಸಿಕ್ಕಿತು. ಅದು ಹಕ್ಕಿನ ಜಗಳ. ಇದನ್ನು ಬಿಟ್ಟರೆ ಚಿಪ್ಕೊ ಬರೀ ಪ್ರೀತಿಯ ಕಥೆಯಾಗುತ್ತದೆ.

ತುಂಗಭದ್ರಾದಂಡಿ:
ಖರೇ ಐತಿ, 1974. ತಿದ್ದಿದ್ದು ಒಳ್ಳೇದಾತು. ಅಭಿನಯದ ವಿವರ ಬರೀತೀನಿ.

ಪಾತ್ರ: ಗುತ್ತಿಗೆದಾರನ ಮುನ್ಶಿ 1, ಅರಣ್ಯ ಕಾವಲುಗಾರ 1, ಮರ ಕಡಿಯಾಕ ಬಂದ ಕೂಲಿಯವರು 4, ಊರ ಹೆಂಗಸರು 6, ಆ ದಿನ ಊರಾಗ ಇರದ ಗಂಡಸರು 4, ಸಂಘದ ಕಾರ್ಯಕರ್ತ 1. ಉಳಿದವರು ಸುತ್ತ ಕುಂತು ಟಿಪ್ಪಣಿ ಮಾಡ್ಕೊಬೇಕು. ಒಬ್ಬೊಬ್ಬರಿಗೂ ಒಂದು ಚೀಟಿ, ಅದರಾಗ ಎರಡೇ ವಿಷಯ: ನಿನಗ ಏನು ಬೇಕು, ನಿನಗ ಯಾವುದರ ಅಂಜಿಕೆ. ಊರ ಗಂಡಸರು 1962ರ ಯುದ್ಧದ ನಂತರ ಸೈನ್ಯ ತಗೊಂಡ ಜಮೀನಿನ ಪರಿಹಾರ ಇಸ್ಕೊಳ್ಳಾಕ ಚಮೋಲಿಗೆ ಹೋಗಿದ್ರು. ಅದೇ ಹೊತ್ತಿಗೆ ಕೂಲಿಯವರನ್ನ ಕಾಡಿಗೆ ಕಳಿಸಿದ್ರು. 27 ಮಂದಿ ಹೆಂಗಸರು ಹೋಗಿ ತಡದ್ರು.

ಓದಾಕ 5 ನಿಮಿಷ, ಕಾಡಿನ ಎದುರಾಬದುರಿಗೆ 12. ಆಮ್ಯಾಲ ಮುಖ್ಯ ದೃಶ್ಯ: ಗಂಡಸರು ವಾಪಸ್ ಬರ್ತಾರ, 10 ನಿಮಿಷ. ಮನಿ ಬಿಟ್ಟು, ಯಾರನ್ನೂ ಕೇಳದ, ರಾತ್ರಿ ಕಾಡಾಗ ಕಾವಲಿದ್ದ ಹೆಂಗಸರಿಗೆ ಅವರು ಏನಂತಾರ? ಇಲ್ಲೇ ಸ್ತ್ರೀವಾದ ಬರೋದು. ಮೊದಲ ದೃಶ್ಯದಾಗ ಪರಿಸರ ಇರ್ತದ, ಎರಡನೇದರಾಗ ಹೆಣ್ಣು. ಬರೇ ಮೊದಲನೇದು ಮಾಡ್ಸಿ ಬಿಟ್ರ ಅರ್ಧ ಪಾಠ.

ಕೆಡೋದು ಎಲ್ಲೆ ಅಂದ್ರ, ಕೂಲಿಯವರನ್ನ ಖಳರನ್ನಾಗಿ ಮಾಡ್ತಾರ. ಅವರ ಚೀಟಿಯೊಳಗ ‘ಇವತ್ತು ಕಡೀಲಿಲ್ಲ ಅಂದ್ರ ಕೂಲಿ ಇಲ್ಲ’ ಅಂತ ಬರೀಬೇಕು. ಮತ್ತ ಕಂಬ ಅಪ್ಪಿಕೊಂಡು ನಗಾಡೋದು ಶುರುವಾಗ್ತದ. ಅದಕ್ಕ ‘ಅಪ್ಪಿಕೊಳ್ಳೋ ಅಭಿನಯ ಇಲ್ಲ, ಮಾತಿನಿಂದ ತಡೀಬೇಕು’ ಅಂತ ಮೊದಲೇ ನಿಯಮ ಹಾಕ್ರಿ.

ಹೊಂಗೆನೆರಳು:
ಇದು ಎರಡನೇ ತರಗತಿಗೆ ಸರಿಯಾಗಿ ಕೂರುತ್ತದೆ. ಹುಡುಗರು ಹೆಂಗಸರ ಪಾತ್ರ ಮಾಡಬಹುದೇ? ದನಿ ಬದಲಿಸಿ ಗೇಲಿ ಮಾಡುವ ಭಯ.

ತುಂಗಭದ್ರಾದಂಡಿ:
ಮಾಡ್ಬಹುದು, ಮಾಡ್ಲೇಬೇಕು. ದನಿ, ಸೆರಗು, ನಡಿಗಿ ಯಾವುದೂ ಅನುಕರಣಿ ಬೇಡ, ಅವರವರ ದನಿಯೊಳಗ ಮಾತಾಡ್ಬೇಕು ಅಂತ ಹೇಳ್ರಿ. ಚೀಟಿ ಲಾಟರಿ ಹಾಕ್ರಿ.

ಓದುಗ_ಎಂಟುನೂರು:
ಹೆಣ್ಣೇ ಕಾಡು ಉಳಿಸಿದಳು ಎಂಬುದಕ್ಕೆ ನಮ್ಮಲ್ಲೇ, ಉತ್ತರ ಕನ್ನಡದಲ್ಲಿ, ಮರ ಉಳಿಸಿದ ಅಪ್ಪಿಕೊ ಇದೆಯಲ್ಲ, ಪೂರ್ತಿ ಮಹಿಳೆಯರ ಚಳವಳಿ. ದೂರದ ಗಢವಾಲ ಏಕೆ ಬೇಕು?

ಬೆಟ್ಟದಸೊಪ್ಪು:
ಪೂರ್ತಿ ಮಹಿಳೆಯರದಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಕಾಡಿಗೆ ಹೋದಾಗ ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಇದ್ದರು. ಅದಕ್ಕೆ ಮೊದಲು ಪತ್ರ ಬರೆದು ಅರಣ್ಯ ಇಲಾಖೆಯನ್ನು ಎಚ್ಚರಿಸಿದ್ದು ಆ ಭಾಗದ ಯುವಕ ಮಂಡಳಿ. ‘ಉಳಿಸು, ಬೆಳೆಸು, ಬಳಸು’ ಎಂಬ ಅವರ ಮಾತಿನಲ್ಲಿ ಮೂರನೆಯ ಪದವನ್ನು ತರಗತಿಯಲ್ಲಿ ಮರೆಸಬೇಡಿ. ಬಳಸುವ ಹಕ್ಕಿಗಾಗಿಯೇ ಆ ಹೋರಾಟ.

ಅಲ್ಲಿಯದೇ ಒಳ್ಳೆಯ ಉದಾಹರಣೆ ಬೇಕಿದ್ದರೆ ಸೊಪ್ಪಿನ ಬೆಟ್ಟ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಕಾಡು, ತೆಗೆದುಕೊಳ್ಳಿ. ಘಟ್ಟದ ಮೇಲೆ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ, ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ಸವಲತ್ತು ಇರುವುದು ತೋಟವಿದ್ದವರಿಗೆ. ಸೊಪ್ಪು ಕಡಿದು ಹೊರೆ ಕಟ್ಟಿ ಕೊಟ್ಟಿಗೆಗೆ ತರುವವರಲ್ಲಿ ತೋಟವೇ ಇಲ್ಲದ ಕೂಲಿ ಹೆಂಗಸರೂ ಇದ್ದಾರೆ. ಕೊಟ್ಟಿಗೆ ಗೊಬ್ಬರ ಹೊರುವುದು ಮನೆ ಹೆಂಗಸರಿಗೂ ಬರುತ್ತದೆ, ತೋಟದ ತೀರ್ಮಾನ ಬರುವುದಿಲ್ಲ. ಒಂದೇ ಬೆಟ್ಟದಲ್ಲಿ ಎರಡು ಬಗೆಯ ಹೆಂಗಸರು, ಎರಡು ಬಗೆಯ ನಷ್ಟ. ಪಹಣಿಪುಟ ಹೇಳಿದ ಬೀಜದ ಆಟವನ್ನು ಈ ಬೆಟ್ಟದ ಮೇಲೆ ಆಡಿಸಿ ನೋಡಿ.

ಸೀಗೆಮೆಳೆ:
ಇಲ್ಲಿ ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಬರಲೇಬೇಕು. 1992ರಲ್ಲಿ ಅವರು ಎತ್ತಿದ ಆಕ್ಷೇಪ ಇದೇ: ಹೆಣ್ಣನ್ನೂ ಪ್ರಕೃತಿಯನ್ನೂ ಒಂದಾಗಿ ಕಾಣುವ, ವಂದನಾ ಶಿವ ಹೇಳುವ ‘ಸ್ತ್ರೀ ತತ್ವ’ದಲ್ಲಿ ಮೂರನೇ ಜಗತ್ತಿನ ಹೆಂಗಸರೆಲ್ಲ ಒಂದೇ ಆಗಿಬಿಡುತ್ತಾರೆ, ಜಾತಿ, ವರ್ಗ, ಪ್ರದೇಶ ಕರಗಿಹೋಗುತ್ತವೆ. ಹೆಣ್ಣಿಗೂ ನಿಸರ್ಗಕ್ಕೂ ಇರುವ ನಂಟು ಹುಟ್ಟಿನಿಂದ ಬಂದದ್ದಲ್ಲ, ದುಡಿಮೆಯ ಹಂಚಿಕೆಯಿಂದ, ಆಸ್ತಿಯ ಹಂಚಿಕೆಯಿಂದ ಬಂದದ್ದು ಎಂಬುದು ಅವರ ವಾದ. ಅವರು ಅದನ್ನು ಸ್ತ್ರೀವಾದಿ ಪರಿಸರವಾದ ಎಂದು ಕರೆದರು. ವಿದ್ಯಾರ್ಥಿಗಳಿಗೆ ಎರಡು ಹೆಸರು, ಎರಡು ನಿಲುವು ಬೋರ್ಡಿನ ಮೇಲೆ ಅಕ್ಕಪಕ್ಕ ಇಟ್ಟರೆ ಸಾಕು.

ಡೂಂಗ್ರಿ ಪೈಂತೋಲಿಯ ಪ್ರಸಂಗವನ್ನೂ ಸೇರಿಸಿ. ಚಿಪ್ಕೊ ಪ್ರದೇಶದಲ್ಲೇ 1980ರಲ್ಲಿ ಊರಿನ ಗಂಡಸರು ರಸ್ತೆ, ಶಾಲೆ, ಆಸ್ಪತ್ರೆ ಬರುತ್ತವೆಂದು ಓಕ್ ಕಾಡನ್ನು ಆಲೂಗಡ್ಡೆ ಫಾರಂಗೆ ಕೊಡಲು ಒಪ್ಪಿದ್ದರು. ಹೆಂಗಸರು ಎದುರು ನಿಂತರು. ಕಾಡು ಹೋದರೆ ಮೇವಿಗೆ, ಸೌದೆಗೆ ಮೈಲಿಗಟ್ಟಲೆ ನಡೆಯುವವರು ಅವರೇ ತಾನೇ. ಅದು ತಾಯ್ತನದ ಮಾತಲ್ಲ, ಲೆಕ್ಕದ ಮಾತು.

ಕರಾವಳಿಟೀಚರ್:
ವಂದನಾ ಶಿವ ಅವರನ್ನು ಸುಲಭಕ್ಕೆ ಹೊಡೆದು ಬೀಳಿಸುವ ಗೊಂಬೆ ಮಾಡಬೇಡಿ. ಮಾರಾಟಕ್ಕಾಗುವ ಪೈನ್ ಬೇಕೋ ಊರಿಗಾಗುವ ಓಕ್ ಬೇಕೋ ಎಂಬ ಪ್ರಶ್ನೆಯಲ್ಲಿ ಮಾರುಕಟ್ಟೆಯ ಲೆಕ್ಕಕ್ಕೆ ಸಿಗದ ನೀರು, ಮೇವು, ಎಲೆಗೊಬ್ಬರಗಳನ್ನು ಮುಂದಿಟ್ಟು ವಿಜ್ಞಾನದ ಹೆಸರಿನ ಅರಣ್ಯಶಾಸ್ತ್ರವನ್ನು ಅವರು ಪ್ರಶ್ನಿಸಿದ್ದು ದೊಡ್ಡ ಕೆಲಸ. 1988ರಲ್ಲಿ ಅದನ್ನು ಹೇಳಿದವರು ಎಷ್ಟು ಜನರಿದ್ದರು?

ಸೀಗೆಮೆಳೆ:
ಸರಿಯಾದ ಮಾತು. ಇಬ್ಬರನ್ನೂ ಅವರವರ ಬಲವಾದ ವಾದದಲ್ಲೇ ಪರಿಚಯಿಸಬೇಕು.

ಬಯಲುಸೀಮೆ:
ಪೈನ್-ಓಕ್ ಅಂದರೆ ಕೋಲಾರದ ಮಕ್ಕಳಿಗೆ ಏನೂ ಆಗಲ್ಲ. ನೀಲಗಿರಿ ಅಂತ ಹೇಳಿ. ರಾಗಿ ಹೊಲಕ್ಕೆ ನೀಲಗಿರಿ ಬಂದಾಗ ಗಂಡಸರ ಕೈಗೆ ಕೆಲವು ವರ್ಷಕ್ಕೊಮ್ಮೆ ಒಟ್ಟು ದುಡ್ಡು ಬಂತು. ಕಳೆ, ಕಟಾವು, ಒಕ್ಕಣೆಯ ಕೂಲಿ ಹೋಯ್ತು, ರಾಗಿಹುಲ್ಲು ಹೋಯ್ತು, ಹಸು ಸಾಕೋದು ಕಷ್ಟ ಆಯ್ತು. ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂದದ್ದು 2017ರಲ್ಲಿ.

ತುಂಗಭದ್ರಾದಂಡಿ:
ನೀಲಗಿರಿ ಅಂದ್ರ ಕುಸನೂರು ಸತ್ಯಾಗ್ರಹ ಬಿಡಬ್ಯಾಡ್ರಿ. 1984ರಾಗ ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಭೂಮಿ ಪಲ್ಪ್‌ವುಡ್ ಕಂಪನಿಗೆ ಹೋತು. 1987ರ ನವೆಂಬರ್ 14ರಂದು ಮಂದಿ ‘ಕಿತ್ತಿಕೋ ಹಚ್ಚಿಕೋ’ ಅಂತ ನೀಲಗಿರಿ ಸಸಿ ಕಿತ್ತು, ಊರಿಗೆ ಉಪಯೋಗದ ಸಸಿ ಹಚ್ಚಿದ್ರು. ವಿದ್ಯಾರ್ಥಿಗಳಿಗೆ ಕೇಳ್ರಿ: ನಿಮ್ಮೂರ ಗೋಮಾಳಕ್ಕ ನೀವು ಯಾವ ಐದು ಮರ ಹಚ್ತೀರಿ? ಹುಡುಗರ ಪಟ್ಟಿ, ಹುಡುಗಿಯರ ಪಟ್ಟಿ ಬ್ಯಾರೆ ಬರೆಸ್ರಿ. ಮ್ಯಾಲ ಸೌದಿ, ಮೇವು, ಹಣ್ಣು, ಮಾರಾಟ ಅಂತ ಗುರುತು ಹಾಕಿಸ್ರಿ. ಪಟ್ಟಿ ಒಂದೇ ಬಂದ್ರೂ ತೊಂದ್ರಿ ಇಲ್ಲ, ‘ಯಾಕ ಒಂದೇ ಬಂತು’ ಅಂತ ಕೇಳ್ರಿ. ಊರಾಗ ಗ್ಯಾಸ್ ಬಂದು ಸೌದಿ ಬಿಟ್ಟಿರಬಹುದು.

ಗಡಿಯಾರದಮುಳ್ಳು:
24 ಗಂಟೆಯ ಗಡಿಯಾರದ ಚಟುವಟಿಕೆ ಯಾರೂ ಹೇಳಿಲ್ಲ, ಆಶ್ಚರ್ಯ. ಎ4 ಹಾಳೆಯಲ್ಲಿ ದೊಡ್ಡ ವೃತ್ತ, ಅದನ್ನು 15 ಡಿಗ್ರಿಗೊಂದರಂತೆ 24 ಭಾಗ ಮಾಡಿ. ಒಂದೇ ಮನೆಯ ಒಬ್ಬ ಹೆಂಗಸು, ಒಬ್ಬ ಗಂಡಸು, ಇಬ್ಬರಿಗೂ ಒಂದೊಂದು. ಎಲ್ಲರೂ ಮಾಡುವ ತಪ್ಪು ಒಂದಿದೆ, ಒಂದು ಗಂಟೆಗೆ ಒಂದೇ ಕೆಲಸ ಬರೆಯುತ್ತಾರೆ. ಒಲೆಯ ಮೇಲೆ ಅನ್ನ, ಸೊಂಟದಲ್ಲಿ ಮಗು, ಕಿವಿ ನಲ್ಲಿಯ ಕಡೆ, ಈ ಮೂರೂ ಒಂದೇ ಗಂಟೆಯಲ್ಲಿ ನಡೆಯುತ್ತವೆ. ಅದಕ್ಕೆ ವೃತ್ತದೊಳಗೆ ಇನ್ನೊಂದು ವೃತ್ತ ಹಾಕಿಸಿ, ಹೊರಗೆ ಮುಖ್ಯ ಕೆಲಸ, ಒಳಗೆ ಜೊತೆಗೆಲಸ. ಬಿಡುವು ಎಂದು ಬರೆದ ಜಾಗದಲ್ಲಿ ಒಳವೃತ್ತ ಖಾಲಿಯಿದೆಯೇ ನೋಡಿ.

ತಾಯಿಯಿಲ್ಲದ, ತಂದೆಯಿಲ್ಲದ ಮಕ್ಕಳು ಇರುತ್ತಾರೆ. ‘ನಿಮ್ಮ ಅಮ್ಮ’ ಎನ್ನಬೇಡಿ, ‘ನಿಮಗೆ ಗೊತ್ತಿರುವ ಒಂದು ಮನೆ’ ಎನ್ನಿ.

ಆಮೇಲೆ 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಅಂಕಿ ಕೊಡಿ: ಕೂಲಿಯಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ. ನೀರು, ಸೌದೆ ತರುವ ಹೊತ್ತೂ ಇದರಲ್ಲೇ ಬಂತು.

ಲೆಕ್ಕಪತ್ರ:
ಬರಲಿಲ್ಲ, ಗಡಿಯಾರದವರೇ. ಆ ಸಮೀಕ್ಷೆ ಬಳಸುವ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅಡುಗೆ, ಸ್ವಚ್ಛತೆ ಒಂದು ವಿಭಾಗ. ನೀರು ತರುವುದು, ಸೌದೆ ಆಯುವುದು ‘ಸ್ವಂತ ಬಳಕೆಗೆ ವಸ್ತು ಉತ್ಪಾದನೆ’ ಎಂಬ ಬೇರೆ ವಿಭಾಗ. ಮಕ್ಕಳ, ಮುದುಕರ ಆರೈಕೆಯೂ ಇನ್ನೊಂದು ವಿಭಾಗ. 289 ನಿಮಿಷದ ಆಚೆಗೇ ಇವೆಲ್ಲ ಇವೆ. ಪರಿಸರ ಸ್ತ್ರೀವಾದಕ್ಕೆ ಬೇಕಾದ ಕೆಲಸವೇ ಈ ಅಂಕಿಯಿಂದ ಹೊರಗೆ ಉಳಿದಿದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕು.

ಗಡಿಯಾರದಮುಳ್ಳು:
ತಿಳಿದಿರಲಿಲ್ಲ, ಧನ್ಯವಾದ. ಹಾಗಾದರೆ ಚಟುವಟಿಕೆಯಲ್ಲೂ ಮೂರು ಬಣ್ಣ ಹಾಕಿಸುವುದೇ ಸರಿ.

ಲೆಕ್ಕಪತ್ರ:
ನೀರಿನ ಲೆಕ್ಕವನ್ನೂ ಬೋರ್ಡಿನ ಮೇಲೆ ಮಾಡಿಸಿ. ಜಲ ಜೀವನ್ ಮಿಷನ್ನಿನ ಗುರಿ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್. ಕೊಡ 15 ಲೀಟರಿನದಾದರೆ 19 ಕೊಡ. ನೀರಿನ ಜಾಗ 200 ಮೀಟರ್ ದೂರವಿದ್ದರೆ ಹೋಗಿಬರಲು 400 ಮೀಟರ್, ಒಟ್ಟು 7.6 ಕಿಲೋಮೀಟರ್. ಅದರಲ್ಲಿ ಅರ್ಧ ದೂರ 15 ಕೆ.ಜಿ. ನೀರಿನ ಭಾರದೊಂದಿಗೆ.

ಬಯಲುಸೀಮೆ:
ಒಂದೊಂದೇ ಕೊಡ ಯಾರೂ ತರಲ್ಲ ಸರ್. ತಲೆ ಮೇಲೊಂದು, ಸೊಂಟದಲ್ಲೊಂದು. 10 ಸಲ ಹೋದರೆ ಸಾಕು, 4 ಕಿಲೋಮೀಟರ್. ಆದರೆ ಭಾರ 30 ಕೆ.ಜಿ. ಪ್ಲಾಸ್ಟಿಕ್ ಕೊಡಕ್ಕೆ ಹೆಣ್ಣುಮಕ್ಕಳು ಏಕೆ ಹೋದರು ಅಂತ ಪರಿಸರದವರು ಬೈಯೋದಿದೆ. ತಾಮ್ರದ ಕೊಡದ ಭಾರ ಹೊತ್ತು ನೋಡಿದವರು ಆ ಮಾತು ಆಡಲ್ಲ.

ಲೆಕ್ಕಪತ್ರ:
ಹೌದು, ದೂರ ಕಡಿಮೆಯಾದಷ್ಟೂ ಕತ್ತಿನ ಮೇಲೆ ಭಾರ ಹೆಚ್ಚು. ಎರಡೂ ಲೆಕ್ಕ ಮಾಡಿಸುವುದು ಒಳ್ಳೆಯದು. ತರಗತಿಯಲ್ಲಿ ನಿಜವಾಗಿ ಹೊರಿಸುವುದಾದರೆ 5 ಲೀಟರ್ ಸಾಕು, 100 ಮೀಟರ್ ಸಾಕು, ಹುಡುಗರು ಹುಡುಗಿಯರು ಇಬ್ಬರೂ. ಆರೋಗ್ಯ ಸರಿಯಿಲ್ಲದವರು ಸಮಯ ಅಳೆಯಲಿ, ಕಾರಣ ಕೇಳಬೇಡಿ.

ಬೀಜದಬುಟ್ಟಿ:
ಹೆಣ್ಣು ಬೀಜ ಕಾಪಾಡುತ್ತಾಳೆ ಎಂಬುದನ್ನು ಸಹಜ ಗುಣ ಎಂದು ಹೇಳುವವರಿಗೆ ಉತ್ತರ ಬೇಕೆಂದರೆ ಬೀಜದ ಪರೀಕ್ಷೆಯನ್ನು ಮಕ್ಕಳಿಂದ ಮಾಡಿಸಿ. ಅದು ಗುಣವಲ್ಲ, ಕಲಿತ ವಿದ್ಯೆ ಎಂಬುದು ಕೈಗೇ ಗೊತ್ತಾಗುತ್ತದೆ.

ರಾಗಿಯಲ್ಲಿ ಬೀಜದ ತೆನೆ ಆರಿಸುವುದು ಕಟಾವಿಗೆ ಮೊದಲು. ಹೊಲದ ಅಂಚು ಬಿಟ್ಟು ನಡುವಿನಿಂದ ಆರಿಸಬೇಕು. ಅಂಚಿನಲ್ಲಿ ಪಕ್ಕದ ಹೊಲದ ತಳಿ ಬೆರೆತಿರಬಹುದು, ಬಿಸಿಲು ಹೆಚ್ಚು ಸಿಕ್ಕಿ ಗಿಡ ಮೋಸದ ಹುಲುಸು ತೋರಿಸುತ್ತದೆ. ಒಣಗಿಸಿ, ಒಕ್ಕಿ, ಬೂದಿ ಬೆರೆಸಿ, ಲಕ್ಕಿ ಸೊಪ್ಪೋ ಬೇವಿನ ಸೊಪ್ಪೋ ಹಾಕಿ ಗಾಳಿಯಾಡದಂತೆ ಮುಚ್ಚುತ್ತಾರೆ. ಸೊಪ್ಪು ಪೂರ್ತಿ ಒಣಗಿರಬೇಕು, ಹಸಿ ಸೊಪ್ಪಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ತರಗತಿಗೆ ಬೇಕಾದ್ದು ಹಳೆಯ ಹತ್ತಿ ಬಟ್ಟೆ, 100 ಕಾಳು. ಬಟ್ಟೆ ನೆನೆಸಿ ಚೆನ್ನಾಗಿ ಹಿಂಡಿ, ನೀರು ತೊಟ್ಟಿಕ್ಕಬಾರದು. ಹತ್ತು ಸಾಲು, ಸಾಲಿಗೆ 10 ಕಾಳು. ಸುರುಳಿ ಸುತ್ತಿ ನೆರಳಲ್ಲಿಡಿ, ದಿನಕ್ಕೆರಡು ಸಲ ಚಿಮುಕಿಸಿ. ಹೆಸರು, ಅಲಸಂದೆ ಮೂರು ದಿನದಲ್ಲೇ ಮೊಳೆಯುತ್ತವೆ, ರಾಗಿಗೆ ಒಂದೆರಡು ದಿನ ಹೆಚ್ಚು ಕೊಡಿ. 100ಕ್ಕೆ 75ಕ್ಕಿಂತ ಕಡಿಮೆ ಬಂದರೆ ಬಿತ್ತುವ ಪ್ರಮಾಣ ಹೆಚ್ಚಿಸಬೇಕು, ತೀರಾ ಕಡಿಮೆಯಾದರೆ ಆ ಬೀಜ ಅಡುಗೆಮನೆಗೆ. ಅಡುಗೆಗೂ ಬಿತ್ತನೆಗೂ ನಡುವಿನ ಈ ತೀರ್ಮಾನ ಮಾಡುವವಳು ವಿಜ್ಞಾನ ಮಾಡುತ್ತಿದ್ದಾಳೆ. ಅದನ್ನು ‘ಮಮತೆ’ ಎಂದು ಕರೆದರೆ ಅವಳ ವಿದ್ಯೆಯನ್ನು ಕಿತ್ತುಕೊಂಡ ಹಾಗೆ.

ಜೊತೆಗೆ ಬೀದರಿನ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಸುತ್ತಲಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಬಗ್ಗೆ ಹೇಳಿ. ಸಣ್ಣ ಹಿಡುವಳಿಯ ದಲಿತ ಹೆಂಗಸರು ಸಿರಿಧಾನ್ಯದ ಬೀಜ ಬ್ಯಾಂಕು ನಡೆಸುತ್ತಾರೆ. ಒಯ್ದ ಬೀಜಕ್ಕಿಂತ ಹೆಚ್ಚು ಅಳತೆ ವಾಪಸು ಕೊಡಬೇಕು. 2008ರಲ್ಲಿ ತಮ್ಮದೇ ಸಮುದಾಯ ರೇಡಿಯೊ ಶುರು ಮಾಡಿದರು. ಸಂಸ್ಥೆ ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು.

ಬೆಟ್ಟದಸೊಪ್ಪು:
ಇದೇ ಮಾತು ತುಳಸಿ ಗೌಡರಿಗೂ ಸಲ್ಲುತ್ತದೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಹೆಣ್ಣುಮಗಳು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿ. ಪದ್ಮಶ್ರೀ ಘೋಷಣೆಯಾದದ್ದು 2020ರಲ್ಲಿ, 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ತಾಯಿಮರ ಗುರುತಿಸಿ ಸರಿಯಾದ ಹೊತ್ತಿಗೆ ಬೀಜ ಆರಿಸುವ ಅವರ ಪರಿಣತಿಯನ್ನು ಪಾಠದಲ್ಲಿ ಹೇಳಿ. ಬರಿಗಾಲಿನ ಚಿತ್ರ ತೋರಿಸಿ ‘ವೃಕ್ಷಮಾತೆ’ ಎಂದಷ್ಟೇ ಹೇಳಿ ಮುಗಿಸಬೇಡಿ. ಅಷ್ಟು ತಿಳಿದವರು ಅಷ್ಟು ವರ್ಷ ದಿನಗೂಲಿಯಲ್ಲಿ ಏಕಿದ್ದರು ಎಂಬುದೇ ಒಂದು ತರಗತಿಯ ಪ್ರಶ್ನೆ.

ಓದುಗ_ಎಂಟುನೂರು:
ಅಪ್ಪಿಕೊ ವಿಷಯ ತಿದ್ದಿದ್ದಕ್ಕೆ ಬೆಟ್ಟದಸೊಪ್ಪು ಅವರಿಗೆ ಧನ್ಯವಾದ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಏನಾದರೂ ಇದೆಯೇ? ಪಹಣಿ, ನೀಲಗಿರಿ ಎಲ್ಲ ಸಮಾಜಶಾಸ್ತ್ರದವರಿಗಾಯಿತು.

ಜೋಡಿಬಿಂದಿಗೆ:
ಹೂವಿನ ಮರವಾಗುವ ಹುಡುಗಿಯ ಜನಪದ ಕಥೆ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಪಠ್ಯ ಇಲ್ಲ. ಒಂದು ಬಿಂದಿಗೆ ನೀರು ಸುರಿದರೆ ಮರ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಹೂ ಕೀಳುವವರು ಎಲೆ, ಟೊಂಗೆ ಮುರಿಯಬಾರದು. ಜೋರಾಗಿ ಓದಲು 15 ನಿಮಿಷ. ಆಮೇಲೆ ಅವಳು ಮರವಾದ ಪ್ರತಿ ಸಲಕ್ಕೂ ಒಂದು ಸಾಲು ಬರೆಸಿ: ಕೇಳಿದವರು ಯಾರು, ಅವಳಿಗೆ ಇಷ್ಟವಿತ್ತೇ, ಹೂ ಯಾರಿಗೆ ಹೋಯಿತು, ಎರಡನೇ ಬಿಂದಿಗೆ ಸುರಿದವರು ಯಾರು. ಮೊದಲು ಬಡ ತಾಯಿಗೆ ನೆರವಾಗಲೆಂದು ತಾನೇ ಬಯಸಿ ಮರವಾಗುತ್ತಾಳೆ, ಅಕ್ಕ ನೀರು ಸುರಿಯುತ್ತಾಳೆ. ಮದುವೆಯಾದ ಮೇಲೆ ರಾಜಕುಮಾರನ ಬಯಕೆಗೆ. ಕಡೆಗೆ ನಾದಿನಿ ಮತ್ತವಳ ಗೆಳತಿಯರ ಆಟಕ್ಕೆ. ಅವರು ಟೊಂಗೆ ಮುರಿದು, ನೀರನ್ನೂ ಸರಿಯಾಗಿ ಸುರಿಯದೆ ಹೋಗುತ್ತಾರೆ. ಅವಳು ಕೈಕಾಲಿಲ್ಲದ ಮುಂಡವಾಗಿ ಉಳಿಯುತ್ತಾಳೆ.

ಟೊಂಗೆ ಮುರಿದವರೂ ಹೆಂಗಸರೇ. ‘ಹೆಣ್ಣು ಪ್ರಕೃತಿಯನ್ನು ಕಾಪಾಡುತ್ತಾಳೆ’ ಎಂಬ ಸಾಲು ಇಲ್ಲೇ ಬಿದ್ದುಹೋಗುತ್ತದೆ. ಮರಕ್ಕೂ ಹುಡುಗಿಗೂ ಒಂದೇ ಗಾಯ ಎಂಬುದು ಮಾತ್ರ ನಿಲ್ಲುತ್ತದೆ.

ಇನ್ನು ‘ಹೆಣ್ಣು, ಹೊನ್ನು, ಮಣ್ಣು’ ಎಂಬ ಮೂರು ಪದ ಬೋರ್ಡಿನ ಮೇಲೆ ಬರೆದು, ಈ ಮೂರನ್ನೂ ಒಂದೇ ಪಟ್ಟಿಗೆ ಸೇರಿಸಿದವರು ಯಾರು ಎಂದು ಕೇಳಿ. ಇವು ಮೂರೂ ಮಾಯೆಯಲ್ಲ, ಮನದ ಮುಂದಿನ ಆಸೆಯೇ ಮಾಯೆ ಎಂದು ಅಲ್ಲಮ 12ನೇ ಶತಮಾನದಲ್ಲೇ ಪಟ್ಟಿಯನ್ನು ತಿರುಗಿಸಿದ.

ಕರಾವಳಿಟೀಚರ್:
ನಾಲ್ಕನೇ ತರಗತಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಪ್ರಸಂಗ ಇಡಿ. ಕಾಸರಗೋಡಿನ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಸಿಂಪಡಿಸಿದರು. 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋದವರು ಲೀಲಾಕುಮಾರಿ ಅಮ್ಮ, ಸ್ವತಃ ಕೃಷಿ ಇಲಾಖೆಯ ಅಧಿಕಾರಿ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು. ತರಗತಿಯ ಪ್ರಶ್ನೆ: ಪರಿಹಾರದ ಹಣ ರೋಗಿಯ ಲೆಕ್ಕಕ್ಕೆ ಬರುತ್ತದೆ, ಆ ರೋಗಿಯನ್ನು ಹಗಲು ರಾತ್ರಿ ನೋಡಿಕೊಳ್ಳುತ್ತ ಕೂಲಿ ಬಿಟ್ಟ ತಾಯಿಯ ದಿನಗಳನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ? ದಯವಿಟ್ಟು ಮಕ್ಕಳ ಫೋಟೊ ತೋರಿಸಬೇಡಿ. ನೋಡಿ ಕಣ್ಣೀರು ಹಾಕಿದರೆ ಪಾಠ ಅಲ್ಲಿಗೇ ನಿಂತುಬಿಡುತ್ತದೆ.

ಪಹಣಿಪುಟ:
ಸೋಲಿಗರ ಕಡೆಯ ವಿದ್ಯಾರ್ಥಿಗಳಿದ್ದರೆ ಅರಣ್ಯ ಹಕ್ಕು ಕಾಯ್ದೆಯನ್ನೂ ಸೇರಿಸಿ. 2006ರ ಆ ಕಾಯ್ದೆಯ 4(4)ರ ಪ್ರಕಾರ ಮದುವೆಯಾದವರ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರಬೇಕು. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ಹಾಜರಿ ಪುಸ್ತಕದ ಹೆಬ್ಬೆಟ್ಟಿಗೂ ಮಾತಾಡಿದ್ದಕ್ಕೂ ಇರುವ ಅಂತರವನ್ನು ಅಣಕು ಗ್ರಾಮಸಭೆಯಲ್ಲಿ ತೋರಿಸಬಹುದು. ಒಬ್ಬ ವಿದ್ಯಾರ್ಥಿ ಯಾರು ಎಷ್ಟು ಸೆಕೆಂಡ್ ಮಾತಾಡಿದರು ಎಂದು ಬರೆಯುತ್ತಾ ಹೋಗಲಿ.

ಹೊಂಗೆನೆರಳು:
ಎಲ್ಲರಿಗೂ ವಂದನೆ. ಸದ್ಯಕ್ಕೆ ಹೀಗೆ: ಮೊದಲ ವಾರ ಹುಣಸೆ ಬೀಜ ಮತ್ತು ಪಹಣಿ, ಮನೆಗೆ ಗಡಿಯಾರದ ಕೆಲಸ. ಎರಡನೇ ವಾರ ರೇಣಿ, ಗಂಡಸರು ವಾಪಸಾಗುವ ದೃಶ್ಯದ ಸಮೇತ. ಮೂರನೇ ವಾರ ಹೂವಿನ ಮರದ ಕಥೆ, ಕೆಡ್ಡಸ. ನಾಲ್ಕನೇ ವಾರ ಎಂಡೋಸಲ್ಫಾನ್, ಕೊನೆಯ 20 ನಿಮಿಷ ಶಿವ ಮತ್ತು ಅಗರ್‌ವಾಲ್. ಸಿದ್ಧಾಂತ ಕಡೆಗೆ ಬಂದರೆ ತಡವಾಯಿತೇ? ಪರೀಕ್ಷೆಗೆ ಯಾವ ಪ್ರಶ್ನೆ?

ಸೀಗೆಮೆಳೆ:
ತಡವಿಲ್ಲ, ಆದರೆ 20 ನಿಮಿಷ ಸಾಲದು. ಎಂಡೋಸಲ್ಫಾನನ್ನು 25ಕ್ಕೆ ಇಳಿಸಿ, ಇವರಿಗೆ 35 ಕೊಡಿ. ‘ಪರಿಸರ ಸ್ತ್ರೀವಾದ ಎಂದರೇನು, ವಿವರಿಸಿ’ ಎಂದು ಕೇಳಿದರೆ ಮತ್ತೆ ಅದೇ ಬಾಯಿಪಾಠ. ‘ನಿಮ್ಮೂರಿನ ಒಂದು ನೀರಿನ ಮೂಲ ಬತ್ತಿದರೆ ಮೊದಲು ಯಾರ ದಿನಚರಿ ಬದಲಾಗುತ್ತದೆ, ಏಕೆ? ಶಿವ ಮತ್ತು ಅಗರ್‌ವಾಲ್ ಇದಕ್ಕೆ ಏನು ಕಾರಣ ಕೊಡುತ್ತಾರೆ?’ ಎಂದು 10 ಅಂಕಕ್ಕೆ ಕೇಳಿ. ಅದರಲ್ಲಿ ಊರಿನ ವಿವರಕ್ಕೆ 4, ಕಾರಣಕ್ಕೆ 4, ಭಿನ್ನಾಭಿಪ್ರಾಯ ಗುರುತಿಸಿದ್ದಕ್ಕೆ 2.

ಬಯಲುಸೀಮೆ:
‘ಭೂಮಿ ನಮ್ಮ ತಾಯಿ’ ಅಂತ ಬರೆದವರಿಗೆ?

ಸೀಗೆಮೆಳೆ:
ಬರೆಯಲಿ. ಆ ತಾಯಿಯ ಕೆಲಸ ಯಾರು ಮಾಡುತ್ತಿದ್ದಾರೆ ಎಂದು ಮುಂದಿನ ಸಾಲಿನಲ್ಲಿ ಬರೆದಿದ್ದರೆ ಅಂಕ.

ಹೊಂಗೆನೆರಳು:
ಇನ್ನೊಂದು ಸಣ್ಣ ಪ್ರಶ್ನೆ. 10 ಗುಂಪು, 6 ಸಾಲು, 4 ಕಾಲಂ, ಚೌಕಕ್ಕೆ 10 ಬೀಜ ಎಂದರೆ 2,400 ಹುಣಸೆ ಬೀಜ ಆಯಿತು. ಎಲ್ಲಿಂದ ತರುವುದು?

ಪಹಣಿಪುಟ:
ಅಷ್ಟು ಬೇಡ. ಗುಂಪಿಗೆ 10 ಬೀಜ ಸಾಕು. ಒಂದು ಚೌಕದಲ್ಲಿ ಹಂಚಿ, ಸಂಖ್ಯೆ ಬರೆದು, ಅದೇ ಬೀಜ ಎತ್ತಿ ಮುಂದಿನ ಚೌಕಕ್ಕೆ. 100 ಬೀಜ, ಜೊತೆಗೆ ಕಳೆದುಹೋಗುವುದಕ್ಕೆಂದು 20. ಫ್ಯಾನ್ ಮಾತ್ರ ಆರಿಸಿಡಿ, ಚಾರ್ಟ್ ಹಾಳೆ ಹಾರಿದರೆ ಎಲ್ಲ ಲೆಕ್ಕ ಮತ್ತೆ ಮೊದಲಿಂದ.